ಶೋಕೇಸು ಸೇರಿದ ಬಟ್ಟಲು

ಮನೆ, ಮಹಡಿ ಮೆಟ್ಟಿಲು
ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ತಾನೇ? ನಾವೆಲ್ಲ ಕ್ಷೇಮ. ಸೋಫಾ ಸರಿಸಿದ ಅಪ್ಪನಿಗೆ ಮಾತ್ರ ಸೊಂಟ ಹಿಡಿದಿದೆ. ಸರಿಸಿದ್ದು ನಿನ್ನ ಅತ್ತೆಯಾಗಲಿರುವವರಿಗಾಗಿ. ಸಮುದ್ರದಾಚೆಯಿಂದ ನಮ್ಮನ್ನು ನೋಡಿ ಒಪ್ಪಲು ಅವರು ಬಂದ ಐತಿಹಾಸಿಕ ಘಟನೆಯ ಅಧಿಕೃತ ವರದಿಯನ್ನು, ನಿನ್ನ ಏಕೈಕ ತಮ್ಮನಾದ ನಾನು, ಯಾವ ಪಕ್ಷಪಾತವೂ ಇಲ್ಲದೆ ಸಲ್ಲಿಸುತ್ತಿದ್ದೇನೆ.

ತಾವೇ ತಿದ್ದಿ ಸುಟ್ಟ ಮಣ್ಣಿನ ಬಟ್ಟಲೊಂದನ್ನು ಅವರು ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟರು. ನೀಲಿ ಬಣ್ಣ, ಕೊಂಚ ಸೊಟ್ಟ, ಹೆಬ್ಬೆರಳಿಗೆಂದೇ ಒಂದು ತಗ್ಗು. ಅಮ್ಮನ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಕಲೆಗೆ ಸಲ್ಲುವ ಪರಮೋಚ್ಚ ಗೌರವ ಯಾವುದೆಂದು ನಿನಗೆ ಗೊತ್ತಲ್ಲ. ನಿನ್ನ ಓಟದ ಕಪ್ಪನ್ನು ಮೂಲೆಗೆ ತಳ್ಳಿ, ಬಟ್ಟಲನ್ನು ಶೋಕೇಸಿನ ನಟ್ಟನಡುವೆ ಕೂರಿಸಿ, ಬೀಗ ಜಡಿದು, ಅತಿಥಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಅತ್ತೆಯವರ ಮುಖ ಬಾಡಿಹೋಯಿತು.

ಅಮ್ಮ ಉಡುಗೊರೆಗೆ ಉಡುಗೊರೆ ಎಂದು ತಾನು ಕಣ್ಣು ನೋಯಿಸಿಕೊಂಡು ಕಸೂತಿ ಹಾಕಿದ ಬಟ್ಟೆಯನ್ನು ಕೊಟ್ಟಳು. ಅವರು ಮುಖವರಳಿಸಿ ಅದನ್ನು ತೊಡೆಯ ಮೇಲೆ ಹಾಸಿಕೊಂಡು, ಊಟವಾದ ಮೇಲೆ ಎಣ್ಣೆಗೈ ಒರೆಸಿದರು. ಅಕ್ಕಾ, ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಮಾತಾಡತೊಡಗಿದವು. ನಡುವೆ ಅವಳ ಪಿಸುಮಾತು: "ನಮ್ಮ ಹುಡುಗೀನೂ ಹಿಂಗೇ ಒರೆಸಿ ಬಿಸಾಕ್ತಾರೇನೋ." ಇತ್ತ ಅವರು ಮಗನಿಂದ ಕಲಿತ ನಮ್ಮ ಮಾತಿನಲ್ಲಿ ಅಪ್ಪನನ್ನು ಕೇಳಿದರು: "ಬಟ್ಟಲು ಬೇಡ. ಮಗನೂ ಬೇಡ?" ಅಪ್ಪ ಫ್ಯಾನ್ ನೋಡುತ್ತ ಕೂತ.

ನಿನ್ನ ಮದುವೆ ಕೈಜಾರುತ್ತಿದೆಯೆಂದು ನಾನೇ ರಾಯಭಾರಿಯಾದೆ. ಅವರನ್ನು ಕೇಳಿದರೆ, ಅವರ ಕಡೆ ತುಟಿ ಸೋಕದ ಬಟ್ಟಲು ಇನ್ನೂ ಬರೀ ಮಣ್ಣು ಅಂದರು. ದಿನಾ ಬಳಸಿದರೇ ಅದು ಕಲೆ. ಮನಸ್ಸಿಗೆ ಬಾರದ್ದನ್ನು ಕಪಾಟಿಗೆ ಸೇರಿಸುತ್ತಾರೆ. ನಮ್ಮಲ್ಲಿ ಯಾರೂ ಮುಟ್ಟಕೂಡದ್ದೇ ಕಲೆ ಎಂದು ವಿವರಿಸಿ, ಮುಟ್ಟಿ ನಾನು ತಿಂದ ಏಟುಗಳನ್ನು ಸಾಕ್ಷಿಗೆ ಕರೆದೆ. ಅವರು ಹೊಟ್ಟೆ ಹಿಡಿದು ನಕ್ಕು, ನೇರ ಅಡುಗೆಮನೆಗೆ ನಡೆದರು. ಅಲ್ಲಿ ಏನು ಮಾತಾಯಿತೋ, ಅಮ್ಮ ಬಂದು ಬೀಗ ತೆಗೆದು, ಬಟ್ಟಲಿಗೆ ಚಹಾ ಸುರಿದು, ತಗ್ಗಿಗೆ ಹೆಬ್ಬೆರಳಿಟ್ಟು ಕುಡಿದಳು. "ಅಯ್ಯೋ, ನನ್ನ ಕೈಗೇ ಅಳತೆ ತಗೊಂಡಂಗಿದೆ" ಎಂದಳು. ಆಮೇಲೆ ತೊಳೆದು ಒರೆಸಿ ಮತ್ತೆ ಶೋಕೇಸಿಗೇ ಇಟ್ಟಳು, ಬೀಗ ಮಾತ್ರ ಹಾಕಲಿಲ್ಲ. ಅತ್ತೆಯವರೂ ಕಸೂತಿ ಬಟ್ಟೆಯನ್ನು ಒಗೆದು ಹರವಿ, ಕೈ ಒರೆಸಲು ನನ್ನ ಟವೆಲ್ ಕೇಳಿದರು.

ಅಪ್ಪನ ಆಶೀರ್ವಾದ, ಸೊಂಟನೋವಿನ ಸಮೇತ. ಭಾವನವರಿಗೆ ನನ್ನ ಗಂಭೀರ ನಮಸ್ಕಾರ.

ಸಂಬಳವಿಲ್ಲದ ರಾಯಭಾರಿ,
ನಿನ್ನ ತಮ್ಮ

ವಿ.ಸೂ.: ಅವಸರದಲ್ಲಿದ್ದೇನೆ. ಅಮ್ಮ, ಅತ್ತೆಯವರು ಇಬ್ಬರೂ ಕ್ಯಾಲೆಂಡರ್ ಹಿಡಿದು ಕೂತು ಮದುವೆಯ ದಿನ ಗೊತ್ತುಮಾಡಿಬಿಟ್ಟಿದ್ದಾರೆ. ಬರುವ ತಿಂಗಳ ಕೊನೆಯ ಭಾನುವಾರ. ಹುಡುಗ ಹುಡುಗಿಯನ್ನು ಒಂದು ಮಾತು ಕೇಳಬಾರದೇ ಎಂದೆ. "ಅವರನ್ನ್ಯಾಕೆ?" ಅಂದರು, ಇಬ್ಬರೂ ಒಟ್ಟಿಗೆ. ಬೇಗ ರಜೆ ಹಾಕು.