ಹಾಡಿಯ ದಾರಿಗೆ ಹಾಕಿದ ಮುಳ್ಳುಕೊಂಬೆ

ಕೃಷಿ ಪರಿಹಾರದ ಪಟ್ಟಿಗೆ ಸಹಿ ಹಾಕಿದ ಮಾನ್ಯರೇ,

ಮಹಾಮಾರಿಯ ಪರಿಹಾರದ ಪಟ್ಟಿಯಿಂದ ನೂಲ್ಪುಳದ ಕಾಡಂಚಿನಲ್ಲಿರುವ, ನಮ್ಮ ನೆರೆಯ ಆದಿವಾಸಿ ಹಾಡಿಯ ಹನ್ನೊಂದು ಮನೆಗಳನ್ನು ನೀವು ಹೊಡೆದುಹಾಕಿದ್ದೀರಿ. ಕಾರಣ ಒಂದೇ ಸಾಲು: 'ದಾರಿ ತಡೆಯಲಾಗಿದೆ, ನಕ್ಸಲ್ ಪ್ರಭಾವದ ಶಂಕೆ.' ಅಲ್ಲಿಯವರು ಬಿತ್ತನೆಗೆ ಇಟ್ಟಿದ್ದ ಭತ್ತವನ್ನೇ ಕುಟ್ಟಿ ಉಂಡು ಮುಗಿಸಿದ್ದಾರೆ. ಮಳೆ ಹಿಡಿಯಲು ಇನ್ನು ಮೂರು ವಾರ. ಪರಿಹಾರ ಬಾರದಿದ್ದರೆ ಈ ವರ್ಷ ಅವರ ಗದ್ದೆಗೆ ಬೀಜವಿಲ್ಲ. ನಿಮ್ಮ ಕಚೇರಿಯ ಭಾಷೆ ಮಲಯಾಳದಲ್ಲಿ ಎರಡು ಸಲ ಬರೆದೆ, ಉತ್ತರವಿಲ್ಲ. ಸಿಟ್ಟು ಬಂದಾಗ ನನಗೆ ಮನೆಮಾತೇ ಬಾಯಿಗೆ ಬರುವುದು, ಹಾಗಾಗಿ ಈ ಸಲ ಕನ್ನಡದಲ್ಲಿ, ಬಲ್ಲವರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲೇ ಸಿಗುತ್ತಾರೆ.

ಆ ತಡೆ ಏನೆಂದು ಕೇಳುವ ವ್ಯವಧಾನ ನಿಮಗಿರಲಿಲ್ಲ, ನಾನೇ ಹೇಳುತ್ತೇನೆ. ಅಂಟುರೋಗ ಬಂದರೆ ಹಾಡಿಯ ಹಿರಿಯರು ದಾರಿಗೆ ಮುಳ್ಳುಕೊಂಬೆ ಅಡ್ಡ ಹಾಕುತ್ತಾರೆ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಸಿಡುಬಿನ ಕಾಲದಲ್ಲಿ ನಮ್ಮಜ್ಜಿ ಇದನ್ನು ಕಂಡವರು. ಈ ಸಲ ಹಾಡಿಯ ಹೆಣ್ಣುಮಗಳು ನೀಲಿಗೆ ಜ್ವರ ಬಂದ ದಿನವೇ ಅವಳ ಮಾವ, ಹಾಡಿಯ ಹಿರಿಯ ಕೇತನ್ ಕೊಂಬೆ ಕಡಿದು ಹಾಕಿದರು. ನಾನು ಅಕ್ಕಿ ಹೊರಿಸಿಕೊಂಡು ಹೋದಾಗ ದೂರವೇ ನಿಂತು, "ಅಲ್ಲೇ ಇಟ್ಟು ಹೋಗಿ ಅಮ್ಮಾ, ನಮ್ಮ ಕಾಯಿಲೆ ನಿಮ್ಮ ಮನೆಗೆ ಬೇಡ" ಎಂದರು. ಆ ಅಕ್ಕಿ ಹನ್ನೊಂದು ಮನೆಗೆ ಎಷ್ಟು ದಿನ ಬಂದೀತು?

ಮುತ್ತಂಗದ ಗಡಿ ಚೆಕ್‌ಪೋಸ್ಟಿನಲ್ಲಿ ನೀವು ಅಡ್ಡ ಕಂಬ ಇಳಿಸಿದರೆ ಮುಂಜಾಗ್ರತೆ, ಪೇಟೆ ಬೀದಿಗೆ ಹಗ್ಗ ಕಟ್ಟಿದರೆ ಜನಹಿತ. ಅದನ್ನೇ ಕೇತನ್ ಮಾಡಿದರೆ ನಕ್ಸಲರ ಕೆಲಸವೇ? ಮನೆಯಲ್ಲೇ ಇರಿ ಎಂದು ದಿನಕ್ಕೆ ಹತ್ತು ಸಲ ಮೈಕಿನಲ್ಲಿ ಕೂಗಿಸಿದವರು ಯಾರು ಸ್ವಾಮಿ? ಗದ್ದೆ ನೋಡಲು ಬಂದ ನಿಮ್ಮ ಜೀಪು ಕೊಂಬೆಯ ಮುಂದೆ ನಿಂತು, ಎರಡು ಸಲ ಹಾರ್ನ್ ಹೊಡೆದು ತಿರುಗಿತು. ಮೂರನೇ ದಿನ ಬಂದೂಕು ಹಿಡಿದ ಪೊಲೀಸರು ಬಂದರು. ಇಷ್ಟು ಅಕ್ಕಿ ಕಾಡಿನೊಳಗೆ ಯಾರಿಗೆ ಬೇಯಿಸಲು ಎಂದು ಏಳಲಾರದೆ ಮಲಗಿದ್ದ ನೀಲಿಯನ್ನು ಕೇಳಿದರಂತೆ. ಅಕ್ಕಿ ಕೊಟ್ಟವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ಕಾಡಿನಲ್ಲಿ ನಕ್ಸಲರೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇದ್ದರೆ ಹುಡುಕಿ. ಆದರೆ ಎರಡು ತಲೆಮಾರು ಅರ್ಜಿ ಹಿಡಿದು ಅಲೆದು, ಲಾಠಿ ತಿಂದು ಹಕ್ಕುಪತ್ರ ಪಡೆದವರ ಗದ್ದೆಯನ್ನು ಒಂದು ಸಾಲಿನಲ್ಲಿ ಅಳಿಸುವ ಅಧಿಕಾರ ನಿಮಗೆ ಕೊಟ್ಟವರು ಯಾರು?

ಇನ್ನು ನನ್ನ ಕಥೆ ಕೇಳಿ. ಇಲ್ಲಿ ತಲೆಮಾರುಗಳಿಂದ ಇರುವ ಜೈನರ ಮನೆ ನಮ್ಮದು, ಕಾಗದಪತ್ರವೆಲ್ಲ ಸರಿ. ಗದ್ದೆಯಲ್ಲಿ ಮಾತ್ರ ಎರಡು ವರ್ಷದಿಂದ ಹುಲ್ಲು ಬಿಟ್ಟರೆ ಬೇರೇನಿಲ್ಲ. ಪರಿಶೀಲನೆಗೆ ಬಂದ ನಿಮ್ಮವರು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು, ಗದ್ದೆಯ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಪರಿಹಾರ ತಾನಾಗಿ ಖಾತೆಗೆ ಬಂತು. ನನಗೆ ನಾಚಿಕೆಯಾಯಿತು, ನಿಮಗೆ ಆಗಲಿಲ್ಲವೇ? ಬೀಜಕ್ಕಾಗಲಿ ಎಂದು ಆ ಹಣ ಹಿಡಿದು ಹಾಡಿಗೆ ಹೋದೆ. ಕೇತನ್ ಮುಟ್ಟಲಿಲ್ಲ.

"ನಮ್ಮ ಹೆಸರಿಗೇ ಬರಲಿ ಅಮ್ಮಾ. ಈಗ ನಿಮ್ಮದು ತಗೊಂಡು ಸುಮ್ಮನಾದರೆ ಅವರು ಬರೆದದ್ದೇ ನಿಜ ಅಂತಾಗ್ತದೆ."

ಹಣ ಹಿಡಿದು ಹಿಂತಿರುಗಿದೆ. ಅವರ ಮಾತಿಗೆ ಉತ್ತರ ನಿಮ್ಮ ಬಳಿ ಇದೆ. ಮಳೆಗೆ ಮೊದಲು ಹನ್ನೊಂದು ಹೆಸರುಗಳನ್ನೂ ಪಟ್ಟಿಗೆ ಸೇರಿಸಿ, ಆ ಸುಳ್ಳು ಸಾಲನ್ನು ನಿಮ್ಮ ಕೈಯಾರೆ ಹೊಡೆದುಹಾಕಿ. ಹಾಡಿಯಲ್ಲಿ ಎಲ್ಲರೂ ಗುಣವಾಗಿದ್ದಾರೆ, ಕೊಂಬೆ ತೆಗೆದಾಗಿದೆ. ನಡೆದು ಬಂದು ಗದ್ದೆ ನೋಡಿ, ಕೇತನ್ ಎದುರು ತಪ್ಪಾಯಿತು ಎನ್ನಿ.

ನಿನ್ನೆಯಿಂದ ನನಗೂ ಜ್ವರ. ಬೆಳಿಗ್ಗೆ ಕೇತನ್ ತಾವೇ ಬಂದು ನಮ್ಮ ಗೇಟಿಗೆ ಮುಳ್ಳುಕೊಂಬೆ ಅಡ್ಡ ಹಾಕಿ ಹೋಗಿದ್ದಾರೆ. ನಿಮ್ಮ ಜೀಪು ಕಳಿಸಿ, ಎರಡು ಸಲ ಹಾರ್ನ್ ಹೊಡೆಸಿ, ನನ್ನ ಹೆಸರಿನ ಮುಂದೆಯೂ ಅದೇ ಸಾಲು ಬರೆಯಿರಿ. ಬರೆಯಲು ಕೈ ಬಾರದಿದ್ದರೆ, ಯಾಕೆ ಬರಲಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇಂತಿ,
ಹುಲ್ಲು ಬೆಳೆದು ಪರಿಹಾರ ಪಡೆದ, ನಿಮ್ಮ ಪಟ್ಟಿಯ 'ಅರ್ಹ ಕೃಷಿಕೆ'
ಜಿನಮತಿ
(ಮುಳ್ಳುಕೊಂಬೆಯ ಒಳಗಿನಿಂದ)