ತೂಬು ಮುಚ್ಚದ ಸೈನಿಕನ ಪರವಾಗಿ

ಕಡಲೇರಿದ ನೂರ ನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು, ಎರಡನೆಯ ದಿನ
ಅಂಕೋಲೆಯ ಕಡಲಗೋಡೆಯಿಂದ

ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಹೊರಟಿರುವ ಹಿಂದಿನ ಕಾಲದ ಗೆಳೆಯರೇ,

ನಿಮ್ಮ ಪಂಚಾಂಗದಲ್ಲಿ ಈ ತಿಂಗಳು ಇರಲಾರದು. ಸಮುದ್ರ ಅತಿ ಎತ್ತರಕ್ಕೆ ಬರುವ ಹತ್ತೊಂಬತ್ತು ದಿನಗಳನ್ನು ನಾವು ಬೇರೆಯಾಗಿಯೇ ಎಣಿಸುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ.

ನಾನು ನಾಗವೇಣಿ ಹರಿಕಂತ್ರ, ಗೋಡೆಪಡೆಯಲ್ಲಿ ಮೇಜರ್. ಕಡಲನ್ನು ಊರಿನಿಂದ ಹೊರಗಿಡುವ ಗೋಡೆಯನ್ನು ಕಾಯುವ ಸೈನ್ಯವೇ ಗೋಡೆಪಡೆ. ಸೈನಿಕ ನ್ಯಾಯಾಲಯದಲ್ಲಿ ಆರೋಪಿಯ ಪರ ವಾದಿಸುವ ವಕೀಲರನ್ನು ಇಲ್ಲಿ ‘ಜೊತೆನಿಲ್ಲುವವರು’ ಎನ್ನುತ್ತಾರೆ. ನಾನು ಅಂಥವಳು. ನನ್ನ ಬಹುಪಾಲು ದಿನಗಳು ಸೈನಿಕರ ಉಯಿಲು ಬರೆಯುವುದರಲ್ಲಿ, ತಿರಸ್ಕೃತವಾದ ರಜೆಯ ಅರ್ಜಿಗಳಲ್ಲಿ, ಕಳೆದುಹೋದ ಬೂಟಿನ ಜಗಳದಲ್ಲಿ ಕಳೆಯುತ್ತವೆ. ಉಪ್ಪುಗಾಳಿಗೆ ಕಾಗದ ಮೆತ್ತಗಾಗುವುದರಿಂದ ಕಡತಗಳನ್ನು ಅಕ್ಕಿಯ ಡಬ್ಬಿಯಲ್ಲಿಡುತ್ತೇವೆ. ಬೆಳಿಗ್ಗೆ ಸೆಲ್ಯೂಟ್ ಹೊಡೆದ ಅಧಿಕಾರಿಯನ್ನೇ ಮಧ್ಯಾಹ್ನ ಕಟಕಟೆಯಲ್ಲಿ ಪ್ರಶ್ನಿಸಬೇಕಾಗುತ್ತದೆ. ಈ ವೃತ್ತಿಯ ಕಷ್ಟವೆಲ್ಲ ಅಲ್ಲಿದೆ.

ಕಳೆದ ವರ್ಷ ದೇವು ಅಂಬಿಗ ಎಂಬ ಸಿಪಾಯಿಯ ಮೊಕದ್ದಮೆ ನನ್ನ ಕೈಗೆ ಬಂತು. ನಾಲ್ಕು ಗಂಟೆಗೆ ಮೂರನೆಯ ತೂಬನ್ನು ಮುಚ್ಚಬೇಕೆಂದು ಅವನಿಗೆ ಲಿಖಿತ ಆದೇಶವಿತ್ತು. ಹೊರಗೆ ಎರಡು ದೋಣಿಗಳಲ್ಲಿ ಮಕ್ಕಳೂ ಸೇರಿ ಹತ್ತೊಂಬತ್ತು ಜನ ಹುಟ್ಟು ಹಾಕುತ್ತಾ ಬರುತ್ತಿದ್ದರು. ಅವರು ಒಳಗೆ ಸೇರುವವರೆಗೆ, ಹನ್ನೊಂದು ನಿಮಿಷ, ಅವನು ತೂಬನ್ನು ತೆರೆದಿಟ್ಟ. ಹತ್ತೊಂಬತ್ತು ಜನರೂ ಬದುಕಿದರು. ಅವರ ಹಿಂದೆಯೇ ನುಗ್ಗಿದ ಉಪ್ಪುನೀರು ಊರಿನ ಒಂದೇ ಸಿಹಿನೀರಿನ ಕೆರೆಯನ್ನು ಕೆಡಿಸಿತು. ಆದೇಶ ಮೀರಿದ ಆರೋಪ ಸಾಬೀತಾದರೆ ಹನ್ನೆರಡು ವರ್ಷ ಸೆರೆ.

ವಿಚಾರಣೆಗೆ ಮೊದಲು ತೂಬಿನ ರೇಡಿಯೋ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿದೆ. ದೋಣಿಗಳಿವೆ, ಏನು ಮಾಡಲಿ ಎಂದು ದೇವು ರೇಡಿಯೋದಲ್ಲಿ ಕೇಳಿದ್ದ. "ನಿನಗೆ ಕಂಡಂತೆ ಮಾಡು" ಎಂದಿತ್ತು ಉತ್ತರ. ದನಿ ಸ್ಪಷ್ಟವಿರಲಿಲ್ಲ, ಆದರೆ ನನಗೆ ಗುರುತು ಹತ್ತಿತು. ನಮ್ಮ ಕರ್ನಲ್ ಚಂಗಪ್ಪನವರದು. ನನ್ನ ಮೇಲಧಿಕಾರಿ.

ಸೆರೆಕೋಣೆಗೆ ಹೋಗಿ ಇದನ್ನು ಹೇಳಿದರೆ ದೇವು ಬೇಡವೆಂದು ತಲೆಯಾಡಿಸಿದ.

"ಸಾಯೇಬ್ರ ಹೆಸ್ರು ತೆಗೂದು ಬ್ಯಾಡ, ಅಮಾ. ಅವ್ರು ಬ್ಯಾಡ ಅಂದಿದ್ರೆ ನಾ ಮುಚ್ಚೇ ಬಿಡ್ತಿದ್ದೆ. ಆ ಮಕ್ಕಳೆಲ್ಲಾ ಹೋಗ್ತಿದ್ದೊ."

ಕಕ್ಷಿದಾರನ ಮಾತನ್ನು ಮೀರುವ ಹಕ್ಕು ನನಗಿಲ್ಲ. ಸಾಕ್ಷಿಯಾಗಿ ಬಂದಿದ್ದ ಕರ್ನಲ್ ಅವರನ್ನು, ರೇಡಿಯೋದಲ್ಲಿ ಉತ್ತರಿಸಿದ್ದು ನೀವೇ ಎಂದು ಕೇಳದೆಯೇ ಎರಡು ದಿನ ವಾದಿಸಿದೆ, ಸೋಲುತ್ತಿದ್ದೆ. ಮೂರನೆಯ ದಿನ ಮತ್ತೆ ಅವನ ಬಳಿ ಕುಳಿತೆ.

"ನಿನಗೆ ಶಿಕ್ಷೆಯಾದರೆ, ಮುಂದೆ ತೂಬಿನ ಮೇಲೆ ನಿಂತವನು ದೋಣಿ ಕಂಡಾಗ ಏನು ಮಾಡುತ್ತಾನೆ, ದೇವು?"

ಅವನು ತನ್ನ ಅಂಗೈ ನೋಡಿಕೊಂಡ. "ಮುಚ್ತಾ," ಎಂದ. ಆಮೇಲೆ, "ಹಂಗಾರೆ ಕೇಳಿ."

ಕೇಳಿದೆ. ಅಂದೇ, ನ್ಯಾಯಾಲಯದಲ್ಲಿ, ಎಲ್ಲರ ಮುಂದೆ. ಕರ್ನಲ್ ನನ್ನನ್ನು ನೋಡಲಿಲ್ಲ, ದೇವುವನ್ನು ನೋಡಿದರು. ನಂತರ ತಾವಾಗಿಯೇ ಎದ್ದು ನಿಂತು, "ಹೌದು, ಹೇಳಿದ್ದು ನಾನು. ಮೊದಲ ದಿನವೇ ಒಪ್ಪಿಕೊಳ್ಳಬೇಕಿತ್ತು" ಎಂದರು. ದೇವು ಬಿಡುಗಡೆಯಾದ. ಅವರ ಹುದ್ದೆ ಹೋಯಿತು. ಕೋಣೆ ಖಾಲಿ ಮಾಡುವಾಗ ಅವರು ನನಗೆ ಸೆಲ್ಯೂಟ್ ಹೊಡೆದರು. ನಾನು ಕೈಯೆತ್ತುವಷ್ಟರಲ್ಲಿ ಹೊರಟುಹೋಗಿದ್ದರು.

ಗೆದ್ದೆ ಎಂದುಕೊಂಡು ಮರುದಿನ ನೀರಿನ ಸರದಿಯಲ್ಲಿ ನಿಂತೆ. ಕೆರೆ ಕೆಟ್ಟು ಐದು ತಿಂಗಳಾಗಿತ್ತು, ತಲೆಗೆ ಎರಡು ತಂಬಿಗೆ. ಮುಂದಿದ್ದ ಹೆಂಗಸು ನನ್ನ ಸಮವಸ್ತ್ರ ನೋಡಿ ತಿರುಗಿದಳು. ಅವಳ ಕಂಕುಳಲ್ಲಿದ್ದ ಕೂಸಿನ ತುಟಿ ಒಡೆದಿತ್ತು.

"ಅವ್ನಿಗೆ ನೀವಿದ್ರಿ. ನಮ್ಮ ಪರವಾಗಿ ಅಲ್ಲಿ ಯಾರ್ ನಿಂತಿದ್ರು?"

ನ್ಯಾಯಾಲಯದ ಮೂರು ದಿನಗಳಲ್ಲಿ ಆ ಕೆರೆಯ ನೀರು ಕುಡಿಯುವ ಒಬ್ಬರನ್ನೂ ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ. ಕರೆದಿದ್ದರೆ ದೇವುವಿಗೆ ಶಿಕ್ಷೆಯಾಗುತ್ತಿತ್ತೇನೋ. ಇಂದಿಗೂ ತಿಳಿಯದು.

ಮುಂದಿನ ತಿಂಗಳಿನಿಂದ ಜೊತೆನಿಲ್ಲುವವರ ಹುದ್ದೆಯನ್ನೇ ತೆಗೆಯುತ್ತಾರಂತೆ. ಕಡತ ಓದಿ ಯಂತ್ರವೇ ತೀರ್ಪು ಕೊಡುತ್ತದಂತೆ. ಈ ಕಾನೂನುಗಳ ಮೊದಲ ಸಾಲುಗಳನ್ನು ಬರೆಯುವವರು ನೀವು. ದಯವಿಟ್ಟು ಬರೆದಿಡಿ: ಆರೋಪಿ ಒಬ್ಬನೇ ನಿಲ್ಲಬಾರದು. ಅವನಿಂದ ನೊಂದವರೂ ಹೊರಗೆ ನಿಲ್ಲಬಾರದು. ನಾನು ಒಂದನ್ನು ಮಾತ್ರ ಮಾಡಿದೆ. ನೀವು ಎರಡನ್ನೂ ಮಾಡಿ.

ನಿಮ್ಮ ನಂತರದವಳು,
ನಾಗವೇಣಿ