ಹದಿನೈದು ವಾರಕ್ಕೆ ಸಾಲುತ್ತದೆಯೇ

೧೯೬೯ ಮಾರ್ಚ್ ೪, ಮಂಗಳವಾರ. ಒಹಾಯೊ

ಬೆಳಿಗ್ಗೆ ಮೊದಲ ವರ್ಷದವರ ಪ್ರಬಂಧ ತಿದ್ದಿದೆ. ಮತ್ತೆ ಅದೇ ಅಲ್ಪವಿರಾಮದ ತಪ್ಪುಗಳು. ಡೀನ್ ಕಚೇರಿ ಎದುರಿನ ಕಾರಿಡಾರಿನಲ್ಲಿ ಧರಣಿ ಕೂತವರು ಎದ್ದರು. ಕಪ್ಪುಜನರ ಸಾಹಿತ್ಯಕ್ಕೊಂದು ಕೋರ್ಸ್ — ಡೀನ್ ಒಪ್ಪಿದ್ದಾರಂತೆ. ಕಲಿಸುವವರು ಸಿಕ್ಕರೆ ಮಾತ್ರ. ಧರಣಿಯ ಮುಂದಾಳು ವರ್ಲೀನ್ ನನ್ನ ಹೆಸರು ಕೊಟ್ಟಿದ್ದಾಳೆ. ನಮ್ಮ ಕಪ್ಪುಜನರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದವಳು ಇಲ್ಲಿ ನಾನೊಬ್ಬಳೇ.

"ನಾಲ್ಕು ಜನರ ಮುಂದೆ ನಂಗೆ ಮಾತೇ ಹೊರಡಲ್ಲ ಕಣೆ."

"ಹೊರಡಿಸ್ತೀವಿ ಬಿಡು, ಟೀಚರಮ್ಮ."

ಮಾರ್ಚ್ ೬, ಗುರುವಾರ

ಸಮಿತಿ. ಕೋರ್ಸಿನ ಬಗ್ಗೆ ತೀರ್ಮಾನಿಸುವವರು: ಐದು ಟೈ, ಒಂದು ಪೈಪು. ಪೈಪಿನ ಪ್ರೊಫೆಸರ್ ಪೆಂಡಲ್ ಮೆತ್ತಗೆ ಕೇಳಿದರು: "ಮಿಸ್ ಗ್ಯಾಸ್ಕಿನ್ಸ್, ಹದಿನೈದು ವಾರಕ್ಕೆ ಸಾಲುವಷ್ಟು ಸರಕು ಇದೆಯೇನಮ್ಮ, ನಿಮ್ಮವರದ್ದು?"

ತಲೆ ತುಂಬ ಪುಸ್ತಕ... ಎಲ್ಲ ದೊಡ್ಡಮ್ಮನ ಸಲೂನಿನಲ್ಲಿ, ಕೂದಲು ನೇರ ಮಾಡುವ ಕಾದ ಬಾಚಣಿಗೆಯ ವಾಸನೆಯಲ್ಲಿ ಓದಿದ್ದು. ಒಂದೂ ಇಲ್ಲಿನ ಕ್ಲಾಸಿನಲ್ಲಿ ಓದಿದ್ದಲ್ಲ. ಒಂದರ ಹೆಸರೂ ಬಾಯಿಗೆ ಬರಲಿಲ್ಲ.

"ಪರವಾಗಿಲ್ಲ, ಅರ್ಥವಾಯಿತು" ಅಂದರು. ನನ್ನ ಮೌನವನ್ನು 'ಇಲ್ಲ' ಅಂತ ಬರೆದುಕೊಂಡರು.

ಅದೇ ದಿನ, ಸಂಜೆ

ಕೋರ್ಸ್ ರದ್ದು.

"ಬಾಯಲ್ಲಿ ಜೋಳದ ರೊಟ್ಟಿ ತುರುಕ್ಕೊಂಡಿದ್ಯೇನೇ?" — ವರ್ಲೀನ್. ನಾನು ಅತ್ತುಬಿಟ್ಟೆ. ಕರ್ಚೀಫು ಕೊಟ್ಟಳು. ಬೈಯೋದು ಮಾತ್ರ ನಿಲ್ಲಿಸಲಿಲ್ಲ.

ಮಾರ್ಚ್ ೧೦, ಸೋಮವಾರ

ಮತ್ತೆ ಸಮಿತಿ. ಈ ಸಲ ನಾನೇ ಬಾಗಿಲು ತಟ್ಟಿದ್ದು. ಕೂತ್ಕೊಳ್ಳಿ ಅನ್ನುವ ಮೊದಲೇ ಶುರು ಮಾಡಿದೆ. ಮೊದಲ ವಾರ ಗುಲಾಮರ ಹಾಡು, ಎರಡನೆಯ ವಾರ ಓಡಿಹೋದವರು ಬರೆದ ಆತ್ಮಕಥೆ, ಆಮೇಲೆ ಚರ್ಚಿನ ಉಪದೇಶ... ದನಿ ನಡುಗಿತು. ನಡುಗಲಿ ಅಂತ ಬಿಟ್ಟೆ. ಏಳನೆಯ ವಾರಕ್ಕೆ ಬಂದಾಗ ಪೆಂಡಲ್ ಪೈಪು ಕೆಳಗಿಟ್ಟರು.

"ಸರಕು ಇದೆ, ಒಪ್ಪಿದೆ. ಆದರೆ ಇಂಥದ್ದನ್ನ ಹಿರಿಯರು ಕಲಿಸಬೇಕು. ನಾನೇ ತಗೊಳ್ತೀನಿ. ನೀವು ಪುಸ್ತಕದ ಪಟ್ಟಿ ಮಾಡಿಕೊಡಿ."

ಥ್ಯಾಂಕ್ಯೂ ಅಂದುಬಿಟ್ಟೆ. ಅಭ್ಯಾಸ.

ಮಾರ್ಚ್ ೧೧, ಮಧ್ಯಾಹ್ನ

ಮತ್ತೆ ಕಾರಿಡಾರು. ಕೋರ್ಸ್ ನಾನೇ ಕಲಿಸಬೇಕು ಅಂತ ಧರಣಿ. ನೆಲ ತಣ್ಣಗಿದೆ. ಈ ಸಲ ನಾನೂ ಕೂತಿದ್ದೇನೆ. ಪೆಂಡಲ್‌ಗೆ ಪಟ್ಟಿ ಕೊಟ್ಟಿಲ್ಲ, ಕೊಡೋದೂ ಇಲ್ಲ. ಎದ್ದು ಬರದಿದ್ದರೆ ಪ್ರಬಂಧ ತಿದ್ದುವ ಕೆಲಸವೂ ಹೋಗುತ್ತದೆ ಅಂತ ಇಲಾಖೆಯಿಂದ ಹೇಳಿಕಳಿಸಿದ್ದಾರೆ.

ವರ್ಲೀನ್ ಕೂಗಿದಳು: "ಸುಮ್ನೆ ಕೂತ್ರೆ ಕುಂಡಿ ಮರಗಟ್ಟುತ್ತೆ ಕಣ್ರೋ. ಟೀಚರಮ್ಮ, ಮೊದಲ್ನೇ ವಾರ ಶುರು ಮಾಡು."

ಎಲ್ಲರೂ ಈ ಕಡೆ ತಿರುಗಿದ್ದಾರೆ. ಡೀನರ ಬಾಗಿಲು ಬೆರಳಷ್ಟು ತೆರೆದಿದೆ. ಎದ್ದು ನಿಂತು ಹೇಳಬೇಕೋ, ಕೂತೇ ಹೇಳಬೇಕೋ... ಕಾಯ್ತಿದ್ದಾರೆ. ಪೆನ್ನು ಇಟ್ಟು, ಗುಲಾಮರ ಹಾಡಿನಿಂದ —